ವಿಕ್ರಮ ಯಾಕೆ ಏಳಲಿಲ್ಲ? ತ್ರೀ ಫೇಸ್ ಕಾಯುತ್ತಾ ಕೂತವನ ಪ್ರಶ್ನೆ

ತೋಟದಮನೆ | ರಾತ್ರಿ 9.50

ಈ ವಾರ ನಮ್ಮ ಫೀಡರಿಗೆ ರಾತ್ರಿ ಪಾಳಿ. ಹತ್ತಕ್ಕೆ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡುತ್ತಾರಂತೆ. ಹತ್ತು ಅಂದರೆ ಹತ್ತೂ ಆಗಬಹುದು, ಹನ್ನೆರಡೂ ಆಗಬಹುದು. ಪಂಪ್ ಮನೆ ಮುಂದಿನ ಕಲ್ಲಿನ ಮೇಲೆ ಕೂತಿದ್ದೇನೆ. ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ಸೇರಿಕೊಂಡಿತ್ತು, ಕಡ್ಡಿ ಆಡಿಸಿ ಓಡಿಸಿದ್ದಾಯಿತು. ಹುಣ್ಣಿಮೆ ಕಳೆದು ಎರಡು ದಿನ. ಚಂದ್ರ ತೆಂಗಿನ ಸಾಲಿನ ಮೇಲೆ ಬಂದಿದ್ದಾನೆ. ಬೇರೆ ಕೆಲಸ ಇಲ್ಲ. ಅವನನ್ನೇ ನೋಡುತ್ತಾ ಕೂತಾಗ ಮಗಳು ಮೊನ್ನೆ ಕೇಳಿದ್ದು ನೆನಪಾಯಿತು.

2023ರ ಆಗಸ್ಟ್ 23ರ ಸಂಜೆ ನಾವೆಲ್ಲ ಟಿವಿ ಮುಂದೆ ಕೂತು ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ ಚಂದ್ರನ ಮೇಲೆ ಇಳಿದದ್ದನ್ನು ನೋಡಿದೆವು. ಊರಲ್ಲಿ ಪಟಾಕಿಯನ್ನೂ ಹೊಡೆದರು. ಹತ್ತು ಹನ್ನೆರಡು ದಿನ ಕೆಲಸ ಮಾಡಿತು. ಅಲ್ಲಿ ಕತ್ತಲಾಗುವ ಮುಂಚೆ ಮಲಗಿಸಿದರು. ಸೆಪ್ಟೆಂಬರ್ 22ರ ಹೊತ್ತಿಗೆ ಎಬ್ಬಿಸಲು ನೋಡಿದರು, ಏಳಲಿಲ್ಲ. ಏಳನೇ ಕ್ಲಾಸಿನ ಮಗಳು ಕೇಳಿದ್ದು ಇಷ್ಟೇ. "ಅಪ್ಪ, ಅದಕ್ಕೆ ಬ್ಯಾಟರಿ ಇರ್ಲಿಲ್ವಾ?" ಇತ್ತು ಅಂದೆ. "ಮತ್ತೆ ಯಾಕೆ ಸತ್ತೋಯ್ತು?" ಅಂದಳು. ನಾನು ದನಕ್ಕೆ ಹುಲ್ಲು ಹಾಕಬೇಕು ಎಂದು ಎದ್ದು ಹೋದೆ.

ಗೊತ್ತಿರುವವರು ಹೇಳಿ. 615 ಕೋಟಿ ಖರ್ಚು ಮಾಡಿದವರಿಗೆ ರಾತ್ರಿ ಬರುತ್ತದೆ ಎಂದು ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕಾಲೆಳೆಯೋಕೂ ಕೇಳುತ್ತಿಲ್ಲ. ಆದರೆ ಒಂದು ರಾತ್ರಿ ದಾಟುವುದೇ ಇಷ್ಟು ಕಷ್ಟ ಆದರೆ, ಮನುಷ್ಯರು ಮಂಗಳಕ್ಕೆ ಹೋಗಿ ಸಂಸಾರ ಹೂಡುತ್ತಾರೆ ಎನ್ನುವ ಮಾತೆಲ್ಲ ಏನು?

ಒಂದ್ಲೈನ್ ಒಡೆಯ | 9.53

ಚಂದ್ರನಲ್ಲೂ ಲೋಡ್ ಶೆಡ್ಡಿಂಗ್ ಇದೆ ಅಂತ ಮಗಳಿಗೆ ಹೇಳಿಬಿಡಿ ಅಣ್ಣ.

ಬ್ಯಾಟರಿ ಭಟ್ಟ | 10.12

ತೋಟದಮನೆಯವರೇ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನಾನು ಉಪಗ್ರಹಗಳ ಪವರ್ ಸಿಸ್ಟಂ ಕೆಲಸವನ್ನೇ ಮಾಡಿ ನಿವೃತ್ತನಾದವನು. ವಿಕ್ರಮನನ್ನು ಮುಟ್ಟಿಲ್ಲ. ಆದರೆ ಲೆಕ್ಕ ಗೊತ್ತು.

ವಿಕ್ರಮನ ಸೋಲಾರ್ ಹಲಗೆ ಕೊಡುತ್ತಿದ್ದದ್ದು 738 ವ್ಯಾಟ್. ನಿಮ್ಮ ಮನೆಯ ಮಿಕ್ಸಿಯ ತಳ ತಿರುಗಿಸಿ ನೋಡಿ, 750 ವ್ಯಾಟ್ ಎಂದು ಬರೆದಿರುತ್ತದೆ. ಇಡೀ ದೇಶ ಉಸಿರು ಬಿಗಿಹಿಡಿದು ನೋಡಿದ ಯಂತ್ರ ಒಂದು ಮಿಕ್ಸಿಯಷ್ಟು ಕರೆಂಟಿನಲ್ಲಿ ನಡೆಯಿತು. ಅದರೊಳಗಿಂದ ಇಳಿದು ಓಡಾಡಿದ ಪ್ರಜ್ಞಾನ್ ರೋವರಿಗೆ 50 ವ್ಯಾಟ್. ಹಳೇ ಸೀಲಿಂಗ್ ಫ್ಯಾನಿಗೂ ಅದು ಸಾಲದು.

ಈಗ ರಾತ್ರಿಗೆ ಬನ್ನಿ. ಅಲ್ಲಿಯ ರಾತ್ರಿ ನಮ್ಮ ಹದಿನಾಲ್ಕು ದಿನ. ಅಂದರೆ 336 ಗಂಟೆ. ಚಳಿ ಮೈನಸ್ 180 ಡಿಗ್ರಿಗಿಂತ ಕೆಳಗೆ. ಅಷ್ಟು ಚಳಿಯಲ್ಲಿ ಬ್ಯಾಟರಿ ಬರೀ ಖಾಲಿ ಆಗುವುದಿಲ್ಲ, ಒಳಗಿನ ದ್ರವವೇ ಹೆಪ್ಪುಗಟ್ಟುತ್ತದೆ. ಸರ್ಕ್ಯೂಟಿನ ಬೆಸುಗೆ ಬಿರುಕು ಬಿಡಬಹುದು. ಆದ್ದರಿಂದ ಬೆಳಗ್ಗೆ ಬಿಸಿಲು ಬಿದ್ದರೂ ಏಳುತ್ತದೆ ಎಂಬ ಗ್ಯಾರಂಟಿ ಇರುವುದಿಲ್ಲ. ಫೋನು ಚಾರ್ಜಿಗೆ ಹಾಕಿದ ಹಾಗಲ್ಲ ಅದು.

ಸರಿ, ಬೆಚ್ಚಗಿಡೋಣ ಅನ್ನಿ. ಬರೀ 50 ವ್ಯಾಟಿನ ಒಂದು ಹೀಟರು. 336 ಗಂಟೆಗೆ 16.8 ಯೂನಿಟ್. ಒಂದು ಕೆಜಿ ಲಿಥಿಯಂ ಬ್ಯಾಟರಿಯಲ್ಲಿ 150 ವ್ಯಾಟ್ ಅವರ್ ಎಂದು ಇಟ್ಟುಕೊಂಡರೆ 112 ಕೆಜಿ ಬ್ಯಾಟರಿ ಆಯಿತು. ರೋವರಿನ ತೂಕವೇ 26 ಕೆಜಿ! ಮಗುವಿನ ಬೆನ್ನಿಗೆ ಅಕ್ಕಿ ಮೂಟೆ ಕಟ್ಟಿದ ಹಾಗೆ. ಅದಕ್ಕೇ ಒಂದು ಹಗಲಿಗೆ ಮಾತ್ರ ಎಂದು ಮೊದಲೇ ತೀರ್ಮಾನಿಸಿ ಕಳಿಸಿದ್ದರು. ಎದ್ದರೆ ಲಾಭ, ಏಳದಿದ್ದರೆ ನಷ್ಟ ಇಲ್ಲ. ವಿಕ್ರಮ ಸೋತಿಲ್ಲ ಎಂದು ಮಗಳಿಗೆ ಖಂಡಿತ ಹೇಳಿ.

ರಾತ್ರಿ ದಾಟುವ ದಾರಿ ಇಲ್ಲವೇ? ಇದೆ. ಅಣು ಶಾಖ. ವಿಕಿರಣ ಸೂಸುವ ಧಾತು ತಾನಾಗಿಯೇ ಬಿಸಿ ಇರುತ್ತದೆ. ಅದನ್ನು ಗಟ್ಟಿ ಕವಚದಲ್ಲಿಟ್ಟು ಯಂತ್ರದ ಪಕ್ಕ ಇಟ್ಟರೆ ಕುಂಪಟೆ ಇಟ್ಟ ಹಾಗೆ. ರಷ್ಯದವರು 1970ರಲ್ಲೇ ಲುನೋಖೋಡ್ ಗಾಡಿಯಲ್ಲಿ ಪೊಲೋನಿಯಂ ಇಟ್ಟು ತಿಂಗಳುಗಟ್ಟಲೆ ಓಡಿಸಿದರು. ಚೀನಾದ ಚಾಂಗ್'ಇ-4 ಚಂದ್ರನ ಆಚೆ ಬದಿಯಲ್ಲಿ 2019ರ ಜನವರಿಯಲ್ಲಿ ಇಳಿಯಿತು, ಎಷ್ಟೋ ರಾತ್ರಿ ದಾಟಿತು. ಅದರಲ್ಲೂ ಇದೇ ಉಪಾಯ. ನಮ್ಮವರೂ ಸುಮ್ನೆ ಕೂತಿಲ್ಲ. ವಿಕ್ರಮನನ್ನು ಚಂದ್ರನವರೆಗೆ ಹೊತ್ತೊಯ್ದ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ ಒಂದೊಂದು ವ್ಯಾಟಿನ ಎರಡು ಅಣು ಹೀಟರು ಇಟ್ಟು ಪರೀಕ್ಷೆ ಮಾಡಿದರು. ಲ್ಯಾಂಡರಿನಲ್ಲಿ ಮಾತ್ರ ಇರಲಿಲ್ಲ.

ಇನ್ನೊಂದು. ನೀವು ಈಗ ನೋಡುತ್ತಿರುವ ಚಂದ್ರನ ಕೆಳ ತುದಿಯ ಹತ್ತಿರ ವಿಕ್ರಮ ನಿಂತಿದೆ. ಅಲ್ಲಿ ಈಗ ಹಗಲು. ಇನ್ನು ಮೂರ್ನಾಲ್ಕು ದಿನಕ್ಕೆ ಸೂರ್ಯ ಮುಳುಗುತ್ತಾನೆ.

ತೋಟದಮನೆ | 10.19

ಭಟ್ರೇ, ಮಿಕ್ಸಿ ಲೆಕ್ಕ ಚೆನ್ನಾಗಿ ಹಿಡಿಸಿತು. ನನ್ನ ಮೋಟರು ಏಳೂವರೆ ಎಚ್‌ಪಿ. ಹಾಗಾದರೆ ನಾನು ಏಳು ವಿಕ್ರಮನನ್ನು ಓಡಿಸುವಷ್ಟು ಕರೆಂಟಿಗೆ ಕಾಯುತ್ತಾ ಕೂತಿದ್ದೇನೆ. ಇನ್ನೂ ಬಂದಿಲ್ಲ.

ಪಾವಗಡ ಸೀಮೆ | 10.27

ನಮ್ಮ ಮನೆ ಕಿಟಕಿ ತೆಗೆದರೆ ಕಾಣುವುದು ಬರೀ ಸೋಲಾರ್ ಹಲಗೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದೂ ಊರಿನ ಸುತ್ತ 13,000 ಎಕರೆ. 2050 ಮೆಗಾವ್ಯಾಟ್. ನಮ್ಮದೂ ನಾಲ್ಕು ಎಕರೆ ಅದರಲ್ಲಿದೆ. ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಜಾಸ್ತಿ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುತ್ತಾ ಕೂರುವುದಕ್ಕಿಂತ ವಾಸಿ ಎಂದು ಅಪ್ಪ ಹೇಳುತ್ತಾರೆ. ಸುಳ್ಳಲ್ಲ. ಆದರೆ ಜಮೀನಿಲ್ಲದವರಿಗೆ ಬಾಡಿಗೆ ಯಾವುದು? ನಮ್ಮ ಪಕ್ಕದ ಮನೆಯ ಅಜ್ಜಿ ಕುರಿ ಮೇಯಿಸುತ್ತಿದ್ದದ್ದು ಅದೇ ಹೊಲಗಳಲ್ಲಿ. ಈಗ ಬೇಲಿ. ಕುರಿ ಮಾರಿದಳು.

ನಾನು ಹೇಳಲು ಬಂದದ್ದು ಧೂಳಿನ ವಿಷಯ. ನನ್ನ ತಮ್ಮ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಹಲಗೆ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಉದ್ದ ಕೋಲಿನ ಬ್ರಷ್ಷು, ಟ್ಯಾಂಕರ್ ನೀರು. ಬಿಸಿಲೇರುವ ಮುಂಚೆ ಶುರು ಮಾಡಬೇಕು. ಕಾದ ಗಾಜಿನ ಮೇಲೆ ನೀರು ಬಿದ್ದರೆ ಕೆಲಸ ಕೆಡುತ್ತದೆ. ಎರಡು ವಾರ ಬಿಟ್ಟರೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ನೀರಿಲ್ಲದ ಸೀಮೆಯಲ್ಲಿ ಗಾಜು ತೊಳೆಯಲು ನೀರು. ನಗಬೇಕೋ ಅಳಬೇಕೋ.

ಸಂಜೆ ಆರೂವರೆ ಹೊತ್ತಿಗೆ ಇನ್ವರ್ಟರುಗಳ ಗುಂಯ್ ಎನ್ನುವ ಸದ್ದು ಒಮ್ಮೆಲೇ ನಿಲ್ಲುತ್ತದೆ. ಅಲ್ಲಿಗೆ 13,000 ಎಕರೆ ಮಲಗಿತು. ನಮ್ಮ ಮನೆಯಲ್ಲಿ ಟಿವಿ ಹಚ್ಚುವುದು ಅದೇ ಹೊತ್ತಿಗೆ.

ಬ್ಯಾಟರಿ ಭಟ್ಟ | 10.33

ಪಾವಗಡದವರೇ, ನಿಮ್ಮ ತಮ್ಮನನ್ನು ಮಂಗಳಕ್ಕೆ ಕಳಿಸಬೇಕಿತ್ತು. ಆಪರ್ಚುನಿಟಿ ಎಂಬ ರೋವರು 90 ದಿನಕ್ಕೆಂದು ಹೋಗಿ 2004ರಿಂದ 2018ರವರೆಗೆ ಬದುಕಿತ್ತು. ಆಗಾಗ ಸುಂಟರಗಾಳಿ ಬಂದು ಹಲಗೆಯ ಧೂಳು ಹೊಡೆದುಕೊಂಡು ಹೋಗುತ್ತಿತ್ತು, ಪುಕ್ಕಟೆ ಕೂಲಿ. ಕೊನೆಗೆ 2018ರ ಜೂನಿನಲ್ಲಿ ಇಡೀ ಗ್ರಹಕ್ಕೇ ಧೂಳು ಮುಸುಕಿತು. ಬಿಸಿಲೇ ಬೀಳಲಿಲ್ಲ, ಅದು ಮತ್ತೆ ಮಾತಾಡಲಿಲ್ಲ. ಇನ್‌ಸೈಟ್ ಎಂಬ ಇನ್ನೊಂದು ಯಂತ್ರಕ್ಕೆ ಸುಂಟರಗಾಳಿಯ ಅದೃಷ್ಟ ಇರಲಿಲ್ಲ. ಧೂಳು ಕೂತು ಕೂತು 2022ರ ಕೊನೆಗೆ ಸತ್ತಿತು. ಅದೇ ಗ್ರಹದ ಮೇಲಿರುವ ಪರ್ಸೆವೆರೆನ್ಸ್ ಈ ಗೋಳೇ ಬೇಡವೆಂದು ಬೆನ್ನ ಮೇಲೆ 4.8 ಕೆಜಿ ಪ್ಲುಟೋನಿಯಂ ಆಕ್ಸೈಡ್ ಹೊತ್ತುಕೊಂಡು ಹೋಗಿದೆ. ಅದರಿಂದ ಶುರುವಿಗೆ ಸಿಕ್ಕ ಕರೆಂಟು 110 ವ್ಯಾಟ್.

ನಮ್ಮ ಮಂಗಳಯಾನವೂ ಕತ್ತಲೆಗೇ ಸಿಕ್ಕಿದ್ದು. 2014ರ ಸೆಪ್ಟೆಂಬರ್ 24ರಿಂದ ಸುಮಾರು ಎಂಟು ವರ್ಷ ಸುತ್ತಿತು. 2022ರ ಏಪ್ರಿಲಿನಲ್ಲಿ ದೀರ್ಘ ಗ್ರಹಣ ಬಂತು, ಸಂಪರ್ಕ ಹೋಯಿತು. ಇನ್ನೂ ಹಿಂದೆ ಹೋದರೆ ಪೀಣ್ಯದ ಶೆಡ್ಡಿನಲ್ಲಿ ಕಟ್ಟಿದ ಆರ್ಯಭಟ. 1975ರ ಏಪ್ರಿಲ್ 19ರಂದು ಹಾರಿತು. ನಾಲ್ಕೈದು ದಿನಕ್ಕೆ ವಿದ್ಯುತ್ ಸರಬರಾಜಿನ ತೊಂದರೆ ಬಂದು ಪ್ರಯೋಗಗಳು ನಿಂತವು. ನಮ್ಮ ಮೊದಲ ಉಪಗ್ರಹವೇ ಪವರ್ ಕಟ್ ನೋಡಿದ್ದು.

ಒಂದ್ಲೈನ್ ಒಡೆಯ | 10.34

ಬೆಂಗಳೂರಲ್ಲಿ ಹುಟ್ಟಿದ್ದು ಅಲ್ವಾ, ಅಭ್ಯಾಸ ಇರುತ್ತೆ.

ಸನ್ನಿವೇಲ್ ಸೀನ | 10.41

ಇಲ್ಲಿ ಈಗ ಬೆಳಗ್ಗೆ, ಕಾಫಿ ಕುಡಿಯುತ್ತಾ ಓದುತ್ತಿದ್ದೇನೆ. ನೀವೆಲ್ಲ ರಾತ್ರಿ ರಾತ್ರಿ ಎನ್ನುತ್ತಿದ್ದೀರಿ. ಬಾಹ್ಯಾಕಾಶದಲ್ಲಿ ರಾತ್ರಿಯೇ ಇಲ್ಲದ ಜಾಗ ಇದೆಯಲ್ಲ! ಸೋಲಾರ್ ಹಲಗೆಯನ್ನು ಅಲ್ಲಿಗೇ ಒಯ್ದು ಹಾಕಿ, ಕರೆಂಟನ್ನು ಮೈಕ್ರೋವೇವ್ ಮಾಡಿ ಕೆಳಗೆ ಕಳಿಸಿದರೆ ಪಾವಗಡದಲ್ಲಿ ಹಲಗೆ ತೊಳೆಯುವ ಕೆಲಸವೇ ಇರುವುದಿಲ್ಲ. ಈ ಕಡೆ ಈಗ ಎಐ ಡೇಟಾ ಸೆಂಟರನ್ನೇ ಮೇಲಕ್ಕೆ ಕಳಿಸುವ ಮಾತು ಜೋರಾಗಿದೆ. ಇನ್ನೈವತ್ತು ವರ್ಷದಲ್ಲಿ ಭೂಮಿ ಮೇಲೆ ಕಲ್ಲಿದ್ದಲೂ ಬೇಡ, ಅಣೆಕಟ್ಟೂ ಬೇಡ. ಮನುಷ್ಯ ಒಂದೇ ಗ್ರಹಕ್ಕೆ ಅಂಟಿಕೊಂಡು ಕೂತರೆ ಒಂದು ದೊಡ್ಡ ಕಲ್ಲು ಬಂದು ಬಿದ್ದರೂ ಮುಗಿಯಿತು. ಡೈನೋಸಾರುಗಳಿಗೆ ರಾಕೆಟ್ ಇರಲಿಲ್ಲ.

ಬ್ಯಾಟರಿ ಭಟ್ಟ | 10.52

ಸೀನಪ್ಪ, ಅರ್ಧ ಒಪ್ಪಿದೆ. ವಾತಾವರಣದ ಆಚೆ ಒಂದು ಚದರ ಮೀಟರಿಗೆ 1361 ವ್ಯಾಟ್ ಬಿಸಿಲು. ಮೋಡ ಇಲ್ಲ, ಧೂಳಿಲ್ಲ. ಹಾಸನದಿಂದ ನೋಡಿಕೊಳ್ಳುವ ನಮ್ಮ ಇನ್ಸಾಟ್ ಥರದ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಅವಕ್ಕೆ ವರ್ಷದಲ್ಲಿ ಹೆಚ್ಚಿನ ದಿನ ರಾತ್ರಿಯೇ ಇಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು ಮಾತ್ರ ಭೂಮಿಯ ನೆರಳು ಬೀಳುತ್ತದೆ, ದಿನಕ್ಕೆ ಹೆಚ್ಚೆಂದರೆ ಸುಮಾರು 70 ನಿಮಿಷ. ಆ ಎರಡು ಸೀಸನ್ ನಮಗೆ ಪರೀಕ್ಷೆ ಇದ್ದ ಹಾಗೆ. ಪ್ರತಿ ರಾತ್ರಿ ಬ್ಯಾಟರಿಯ ಗ್ರಾಫ್ ನೋಡುತ್ತಾ ಕೂರುತ್ತಿದ್ದೆವು.

ಆದರೆ ಕೆಳಕ್ಕೆ ಕಳಿಸುವುದು? ಪೀಟರ್ ಗ್ಲೇಸರ್ ಎಂಬವರು ಈ ಯೋಚನೆ ಮುಂದಿಟ್ಟಿದ್ದು 1968ರಲ್ಲಿ. ಅಮೆರಿಕದ ಕ್ಯಾಲ್‌ಟೆಕ್ ಎಂಬ ವಿಶ್ವವಿದ್ಯಾಲಯದವರು ಬಾಹ್ಯಾಕಾಶದಲ್ಲಿ ತಂತಿ ಇಲ್ಲದೆ ಕರೆಂಟು ದಾಟಿಸಿ ತೋರಿಸಿದ್ದು 2023ರಲ್ಲಿ. ಆಗ ಉರಿದದ್ದು ಸಣ್ಣ ಎಲ್‌ಇಡಿ ದೀಪ. ಅಲ್ಲಿಂದ ತೋಟದಮನೆಯವರ ಏಳೂವರೆ ಎಚ್‌ಪಿ ಮೋಟರಿಗೆ ಬಹಳ ದೂರ ಇದೆ.

ಡೇಟಾ ಸೆಂಟರಿಗೆ ಬೇರೆ ತಾಪತ್ರಯ. ಬಾಹ್ಯಾಕಾಶ ತಣ್ಣಗಿದೆ, ಆದ್ದರಿಂದ ಕಂಪ್ಯೂಟರ್ ತಣ್ಣಗಿರುತ್ತದೆ ಎಂದು ಜನ ತಿಳಿದಿದ್ದಾರೆ. ಉಲ್ಟಾ. ಅಲ್ಲಿ ಗಾಳಿ ಇಲ್ಲ. ಫ್ಲಾಸ್ಕಿನೊಳಗೆ ಬಿಸಿ ಕಾಫಿ ಯಾಕೆ ಆರುವುದಿಲ್ಲ? ಸುತ್ತ ಗಾಳಿ ಇಲ್ಲದ ಪದರ ಇರುತ್ತದೆ. ಉಪಗ್ರಹ ಆ ಫ್ಲಾಸ್ಕಿನೊಳಗಿನ ಕಾಫಿ. ಶಾಖ ಹೊರಹೋಗಲು ದೊಡ್ಡ ದೊಡ್ಡ ರೆಕ್ಕೆಗಳೇ ಬೇಕು. ಆಗುವುದಿಲ್ಲ ಎನ್ನುತ್ತಿಲ್ಲ. ಸುಲಭ ಅಲ್ಲ ಎನ್ನುತ್ತಿದ್ದೇನೆ.

ಮುಳುಗಡೆ ಮೊಮ್ಮಗಳು | 11.04

ಓದುತ್ತಾ ಇದ್ದೆ. ಸೀನ ಅವರೇ, "ಅಣೆಕಟ್ಟೂ ಬೇಡ" ಎಂದು ಬರೆದಿರಲ್ಲ, ಅದನ್ನು ನನ್ನ ಅಜ್ಜನಿಗೆ 60 ವರ್ಷ ಮೊದಲು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ನಮ್ಮದು ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜನ ಗದ್ದೆ, ತೋಟ, ದೇವರ ಕಟ್ಟೆ ಎಲ್ಲ ನೀರೊಳಗೆ. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ 1948ರ ಹಳೇ ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಅಮ್ಮ ಒಂದೇ ಸಲ ಹೋಗಿದ್ದಳು. ಗದ್ದೆಯ ಅಂಚು ಹುಡುಕುತ್ತಾ ಕೆಸರಲ್ಲಿ ಚಪ್ಪಲಿ ಕಳೆದುಕೊಂಡು ಬಂದಳು. ರಾಜ್ಯಕ್ಕೆಲ್ಲ ಬೆಳಕು ಹೋಯಿತು. ಹಿನ್ನೀರಿನ ಆಚೆ ಉಳಿದವರು ಲಾಂಚ್ ಕಾಯುತ್ತಾ ಚಿಮಣಿ ಬುಡ್ಡಿ ಹಚ್ಚಿಕೊಂಡು ಕೂತರು. ಸಿಗಂದೂರು ಸೇತುವೆ ಬಂದದ್ದು 2025ರ ಜುಲೈನಲ್ಲಿ. ಲೆಕ್ಕ ಹಾಕಿ.

ಈಗ ಅದೇ ನದಿಗೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲು ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರು ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತಲು ಖರ್ಚಾಗುವ ಕರೆಂಟು ಇಳಿಯುವಾಗ ಸಿಗುವುದಕ್ಕಿಂತ ಯಾವಾಗಲೂ ಜಾಸ್ತಿ. ಹಾಗಿದ್ದರೂ ಯಾಕೆ ಮಾಡುತ್ತಾರೆ? ಭಟ್ಟರು ಹೇಳಿದ ಅದೇ ರಾತ್ರಿಗೆ. ಪಾವಗಡ ಮಲಗಿದ ಮೇಲೆ ಯಾರಾದರೂ ಎದ್ದಿರಬೇಕಲ್ಲ. ಅದಕ್ಕೆ ಸಿಂಗಳೀಕಗಳ ಅಭಯಾರಣ್ಯದ ಕೆಳಗೆ ಸುರಂಗ.

ನಾನು ರಾಕೆಟ್ಟಿನ ವಿರೋಧಿ ಅಲ್ಲ. ಚಂಡಮಾರುತದ ಸುದ್ದಿ ಮೊದಲೇ ಕೊಟ್ಟು ಮಲ್ಪೆ ದೋಣಿಗಳನ್ನು ದಡಕ್ಕೆ ಕರೆಸುವುದು ಉಪಗ್ರಹವೇ. ಆದರೆ "ಮನುಕುಲದ ಭವಿಷ್ಯ" ಎಂದು ಯಾರಾದರೂ ಶುರು ಮಾಡಿದರೆ ಸಾಕು, ನಾನು ಮೊದಲು ಕೇಳುವುದು ಯಾರ ಗದ್ದೆ ಎಂದು. ಮಂಗಳದಲ್ಲಿ ಯಾರ ಗದ್ದೆಯೂ ಇಲ್ಲ, ಅದೊಂದು ಸಮಾಧಾನ.

ಸನ್ನಿವೇಲ್ ಸೀನ | 11.09

ಅಕ್ಕ, ನೀವು ಹೇಳಿದ ಮೇಲೆ ಏನೂ ಬರೆಯಲು ತೋಚುತ್ತಿಲ್ಲ. ಸೇತುವೆಯ ವಿಷಯ ನಿಜಕ್ಕೂ ಗೊತ್ತಿರಲಿಲ್ಲ.

ಕಾಳಿ ಕಣಿವೆ | 11.15

ನಾನು ಕಾರವಾರ ಕಡೆಯವನು. ರಾತ್ರಿಯ ಮಾತು ಬಂದ ಮೇಲೆ ಕೈಗಾ ಅಣುಸ್ಥಾವರದ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ ಮಾರಾಯ್ರೆ. ಕಾಳಿ ನದಿ ದಂಡೆಯ ಮೇಲೆ 220 ಮೆಗಾವ್ಯಾಟಿನ ನಾಲ್ಕು ಘಟಕ. ಅದರಲ್ಲಿ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ ಓಡಿತು. 962 ದಿನ. ಆಗ ಅದು ಜಗತ್ತಿನ ದಾಖಲೆ. ಅಷ್ಟು ದಿನ ಅದಕ್ಕೆ ರಾತ್ರಿಯೂ ಇಲ್ಲ, ಮಳೆಗಾಲವೂ ಇಲ್ಲ. ಜಾಗದ ಲೆಕ್ಕದಲ್ಲೂ ಪಾವಗಡದ ಹತ್ತಿರಕ್ಕೂ ಬರುವುದಿಲ್ಲ.

ಹಾಗೆಂದು ನಾನು ಕುಣಿಯುವುದಿಲ್ಲ. 1994ರಲ್ಲಿ ಕಟ್ಟುತ್ತಿರುವಾಗಲೇ ಅದೇ ಒಂದನೇ ಘಟಕದ ಒಳಗುಮ್ಮಟ ಕಳಚಿ ಬಿದ್ದಿತ್ತು. ಇಂಧನ ಇನ್ನೂ ತುಂಬಿರಲಿಲ್ಲ, ಬಚಾವು. ಅದಕ್ಕೂ ಮುಂಚೆ ಶಿವರಾಮ ಕಾರಂತರು ಕೈಗಾ ಬೇಡವೆಂದು ಊರೂರು ತಿರುಗಿದ್ದರು. 1989ರಲ್ಲಿ ಲೋಕಸಭೆಗೂ ನಿಂತರು, ಎಂಬತ್ತು ದಾಟಿದ ವಯಸ್ಸಿನಲ್ಲಿ. ಸೋತರು. ನಮ್ಮ ಮನೆಯಲ್ಲಿ ಅಪ್ಪ ಅವರಿಗೆ ವೋಟು ಹಾಕಿದ್ದರು, ಚಿಕ್ಕಪ್ಪ ಸ್ಥಾವರದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು.

ಬಾಹ್ಯಾಕಾಶಕ್ಕೆ ಪ್ಲುಟೋನಿಯಂ ಕಳಿಸುವವರಿಗೂ ಒಂದು ಮಾತು. 1978ರಲ್ಲಿ ರಷ್ಯದ ರಿಯಾಕ್ಟರ್ ಹೊತ್ತ ಉಪಗ್ರಹ ಕೆನಡಾದ ಮೇಲೆ ಬಿದ್ದು ವಿಕಿರಣದ ಚೂರು ಚೆಲ್ಲಿತ್ತು. ಅಷ್ಟು ದೂರ ಯಾಕೆ, ನಮ್ಮ ನಂದಾದೇವಿ ಪರ್ವತದಲ್ಲಿ 1965ರಲ್ಲಿ ಕಳೆದುಹೋದ ಪ್ಲುಟೋನಿಯಂ ಯಂತ್ರ ಇವತ್ತಿಗೂ ಸಿಕ್ಕಿಲ್ಲ. ಚೀನಾದ ಅಣು ಪರೀಕ್ಷೆ ಪತ್ತೆ ಹಚ್ಚಲು ಅಮೆರಿಕದವರೂ ನಮ್ಮವರೂ ಸೇರಿ ಒಯ್ದಿದ್ದರು. ಅದೂ ಭಟ್ಟರು ಹೇಳಿದ ಜಾತಿಯದೇ, ಶಾಖದಿಂದ ಕರೆಂಟು ಮಾಡುವ ಡಬ್ಬಿ.

ಬ್ಯಾಟರಿ ಭಟ್ಟ | 11.22

ಒಪ್ಪಿದೆ. ಒಂದು ತಿದ್ದುಪಡಿ ಮಾತ್ರ. ಈ ಡಬ್ಬಿಯಲ್ಲಿರುವ ಪ್ಲುಟೋನಿಯಂ 238 ಬಾಂಬಿನದಲ್ಲ, ಬಾಂಬಿಗೆ ಬೇಕಾದದ್ದು 239. ಹಾಗಂತ ಗಂಗೆಯ ಉಪನದಿಯ ತಲೆಯ ಮೇಲೆ ಬಿಟ್ಟು ಬರುವ ವಸ್ತುವೂ ಅಲ್ಲ.

ಧಾರವಾಡ ಪೇಡೆ | 11.29

ನಮಸ್ಕಾರ್ರೀ ಎಲ್ಲರಿಗೂ. ನಾನು ಕೃಷಿ ಓದುವಾಕಿ. ಮಂಗಳದಾಗ ಸಂಸಾರ ಅಂದ್ರಲ್ಲ, ಊಟದ ಲೆಕ್ಕ ಯಾರೂ ಮಾಡಲಿಲ್ಲ. ನಾನು ಮಾಡ್ತೀನಿ.

2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ನಮ್ಮ ಧಾರವಾಡದ ಹೆಸರುಕಾಳು ಮತ್ತು ಮೆಂತ್ಯವೂ ಹೋಗಿದ್ದವು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಮಾಡಿದ ಪ್ರಯೋಗ. ತೂಕವಿಲ್ಲದ ಜಾಗದಲ್ಲಿ ಮೊಳಕೆ ಹೇಗೆ ಬರುತ್ತದೆ ಎಂದು ನೋಡಲು. ನಮ್ಮವ್ವ ಟಿವಿಯಲ್ಲಿ ನೋಡಿ, "ಮೊಳಕಿ ಬರ್ಸಾಕ ಅಷ್ಟ್ ಮ್ಯಾಲ ಯಾಕ ಹೋಗ್ಬೇಕು, ಒದ್ದಿ ಅರಿವಿ ಸಾಕು" ಅಂದಳು.

ಮೊಳಕೆ ಸುಲಭ. ಅದಕ್ಕೆ ಬೇಕಾದ ಶಕ್ತಿ ಕಾಳಿನಲ್ಲೇ ಇರುತ್ತದೆ. ಪೈರು ಬೆಳೆದು ಕಾಳು ಕಟ್ಟಬೇಕಾದರೆ ಬೆಳಕು ಬೇಕು. ಒಬ್ಬರಿಗೆ ದಿನಕ್ಕೆ 2500 ಕ್ಯಾಲರಿ ಅನ್ನಿ. ಕರೆಂಟಿನ ಲೆಕ್ಕದಲ್ಲಿ ಅದು 2.9 ಯೂನಿಟ್. ಗಿಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೋ ಒಂದೂವರೆಯೋ ಪಾಲನ್ನು ಮಾತ್ರ ನಾವು ತಿನ್ನುವ ಆಹಾರವಾಗಿ ಮಾಡುತ್ತದೆ ಎಂದು ಹಿಡಿಯಿರಿ. ಹಾಗಾದರೆ ಮಂಗಳದ ಗುಹೆಯೊಳಗೆ ದೀಪ ಹಚ್ಚಿ ಬೆಳೆದರೆ ಒಬ್ಬರ ಒಂದು ದಿನದ ಊಟಕ್ಕೆ 200ರಿಂದ 300 ಯೂನಿಟ್ ಬೆಳಕು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗೆ ಕೊಡುವುದೇ ಹೆಚ್ಚೆಂದರೆ 200.

ಇಲ್ಲಿ ಅಷ್ಟೂ ಬೆಳಕನ್ನು ಸೂರ್ಯ ಬಿಲ್ಲಿಲ್ಲದೆ ಹೊಲಕ್ಕೆ ಸುರಿಯುತ್ತಾನೆ. ಎರಡು ಜೋಳದ ರೊಟ್ಟಿಯ ಹಿಂದೆ ಎಷ್ಟು ಕರೆಂಟು ಇದೆ ಎಂದು ಈ ಲೆಕ್ಕ ಮಾಡಿದ ದಿನವೇ ನನಗೆ ತಿಳಿದದ್ದು.

ಒಂದ್ಲೈನ್ ಒಡೆಯ | 11.31

ಮಂಗಳದಲ್ಲಿ ಮಿನಿಮಮ್ ಬಿಲ್ ಎಷ್ಟು ಬರುತ್ತೆ ಅಕ್ಕ?

ಸನ್ನಿವೇಲ್ ಸೀನ | 11.38

ಪೇಡೆಯವರ ಲೆಕ್ಕಕ್ಕೆ ಸಲಾಂ. ಆದರೆ ಲೆಕ್ಕ ದೊಡ್ಡದು ಎಂದು ಕೈಬಿಟ್ಟಿದ್ದರೆ ಶಿವನಸಮುದ್ರವೂ ಆಗುತ್ತಿರಲಿಲ್ಲ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿ.ಮೀ. ತಂತಿ ಎಳೆದರು. ಅಷ್ಟು ದೂರ ಕರೆಂಟು ಕಳಿಸುವುದು ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಖರ್ಚಿನ ಮಾತು ಬಂದರೆ, 2025-26ರ ಕೇಂದ್ರ ಬಜೆಟ್ 50 ಲಕ್ಷ ಕೋಟಿಗೂ ಜಾಸ್ತಿ, ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಸುಮಾರು 13,400 ಕೋಟಿ. ನೂರು ರೂಪಾಯಿಗೆ 26 ಪೈಸೆ. ರಾತ್ರಿ ದಾಟುವುದನ್ನು ಅಲ್ಲಿ ಕಲಿತರೆ ಇಲ್ಲಿಗೂ ಬರುತ್ತದೆ. ಸೋಲಾರ್ ಹಲಗೆ ಮೊದಮೊದಲು ಕೆಲಸಕ್ಕೆ ಬಂದದ್ದೇ ಉಪಗ್ರಹದಲ್ಲಿ ಅಲ್ವಾ?

ಮುಳುಗಡೆ ಮೊಮ್ಮಗಳು | 11.46

ಆ ಬೆಳಕು ಮೊದಲು ಹೋದದ್ದು ಚಿನ್ನದ ಗಣಿಗೆ, ಮೂರು ವರ್ಷದ ಮೇಲೆ ಬೆಂಗಳೂರಿಗೆ, ಹಳ್ಳಿಗೆ ಎಷ್ಟೋ ದಶಕದ ಮೇಲೆ. ಸಾಲು ಯಾವಾಗಲೂ ಹಾಗೇ ಇರುತ್ತದೆ ಸೀನ ಅವರೇ. 26 ಪೈಸೆಯ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳುವುದು ಒಂದೇ. ಯೋಜನೆಯ ಕಾಗದದಲ್ಲಿ ಹಗಲಿನ ಮೆಗಾವ್ಯಾಟ್ ದಪ್ಪಕ್ಷರದಲ್ಲಿ ಬರೆಯುತ್ತೀರಿ. ರಾತ್ರಿಯದ್ದು ಎಲ್ಲಿಂದ, ಯಾರಿಂದ ಎನ್ನುವುದನ್ನೂ ಅದೇ ಪುಟದಲ್ಲಿ ಬರೆಯಿರಿ.

ಪಾವಗಡ ಸೀಮೆ | 11.50

ಇದು ಸರಿ. ಭೂಮಿಯಲ್ಲಾದರೆ 112 ಕೆಜಿ ಬ್ಯಾಟರಿ ಭಾರ ಅಲ್ಲ. ಇಲ್ಲಿ ರಾಕೆಟ್ಟಿನ ತೂಕದ ರಗಳೆ ಇಲ್ಲ. ನಮ್ಮ ಹಲಗೆಗಳ ಪಕ್ಕದಲ್ಲೇ ಬ್ಯಾಟರಿ ಇಟ್ಟರೆ ಯಾರ ಕಾಡಿಗೂ ಸುರಂಗ ಬೇಡ. ದುಡ್ಡು ಬೇಕು ಅಷ್ಟೇ. ಭಟ್ರು ಏನಂತೀರಿ?

ಬ್ಯಾಟರಿ ಭಟ್ಟ | 12.05

ನಾಲ್ಕು ಗಂಟೆಯ ಸಂಜೆಗೆ ಬ್ಯಾಟರಿ ಸಾಕು. ಅದನ್ನು ಮೊದಲು ಮಾಡಬೇಕು, ಸುರಂಗ ಕೊರೆಯುವ ಮುಂಚೆಯೇ. ಮೋಡ ಕವಿದು ವಾರಗಟ್ಟಲೆ ಬಿಸಿಲೂ ಗಾಳಿಯೂ ಇಲ್ಲದ ಆಷಾಢಕ್ಕೆ ಬ್ಯಾಟರಿ ಒಂದೇ ಸಾಲದು. ಅಲ್ಲಿ ಕೈಗಾ ಥರದ್ದು ಅಥವಾ ಈಗಾಗಲೇ ಕಟ್ಟಿರುವ ಜಲಾಶಯದ ನೀರು ಬೇಕಾಗುತ್ತದೆ. ಇದು ನನ್ನ ಅಭಿಪ್ರಾಯ. ಜಗಳಕ್ಕೆ ನಾಳೆ ಸಿಗುತ್ತೇನೆ, ಮಾತ್ರೆ ತೆಗೆದುಕೊಂಡು ಮಲಗಬೇಕು.

ಮಲಗುವ ಮುಂಚೆ ತೋಟದಮನೆಯವರ ಮಗಳಿಗೆ ಒಂದು ವಿಷಯ. 1977ರಲ್ಲಿ ಹೋದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಟ್ಟೆ ಇದೆ. ಅದರಲ್ಲಿ 55 ಭಾಷೆಯ ನಮಸ್ಕಾರ. ಕನ್ನಡದ್ದೂ ಇದೆ. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಅಷ್ಟೇ, ಒಂದು ಸಾಲು. ವಾಯೇಜರ್-1 ಈಗ 2500 ಕೋಟಿ ಕಿ.ಮೀ. ದಾಟಿದೆ. ಕನ್ನಡ ಅಷ್ಟು ದೂರ ಬೇರೆ ಯಾವ ಗಾಡಿಯಲ್ಲೂ ಹೋಗಿಲ್ಲ. ಅಲ್ಲಿ ಸೂರ್ಯ ಒಂದು ಚುಕ್ಕಿ. ಸೋಲಾರ್ ಹಲಗೆ ಒಯ್ದಿದ್ದರೆ ಪ್ರಯೋಜನ ಇರಲಿಲ್ಲ. ಪ್ಲುಟೋನಿಯಂ ಡಬ್ಬಿಗಳಿಂದ ಹೊರಡುವಾಗ 470 ವ್ಯಾಟ್ ಬರುತ್ತಿತ್ತು. ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆ ಆಗುತ್ತಾ ಈಗ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ. ಒಂದೊಂದೇ ಉಪಕರಣ ಆರಿಸುತ್ತಾ ಬಂದಿದ್ದಾರೆ. 2025ರಲ್ಲೂ ಎರಡು ಆರಿಸಿದರು. ಮನೆಯಲ್ಲಿ ಅಜ್ಜಿಯರು ರೂಮಿಂದ ರೂಮಿಗೆ ಹೋಗಿ ಲೈಟು ಆರಿಸುತ್ತಾರಲ್ಲ, ಹಾಗೆ.

ತಟ್ಟೆಗೆ ಮಾತ್ರ ಕರೆಂಟು ಬೇಡ. ಸಿಕ್ಕವರು ತಿರುಗಿಸಿಕೊಳ್ಳಲಿ ಎಂದು ಮುಳ್ಳನ್ನೂ ಜೊತೆಗೇ ಇಟ್ಟಿದ್ದಾರೆ.

ತೋಟದಮನೆ | 12.26

ಬಂತು. ಮೋಟರು ಎತ್ತಿಕೊಂಡಿತು. ಬೋರು 700 ಅಡಿ, ನೀರು ಮೇಲೆ ಬರಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಮಿಕ್ಸಿ ಲೆಕ್ಕ, ರೊಟ್ಟಿ ಲೆಕ್ಕ, ಚಿನ್ನದ ತಟ್ಟೆ ಎಲ್ಲ ಬೆಳಗ್ಗೆ ಮಗಳಿಗೆ ಹೇಳುತ್ತೇನೆ. ಮುಳುಗಡೆ ಮೊಮ್ಮಗಳು ತಂಗಿ, ಇಷ್ಟು ವರ್ಷ ರಾತ್ರಿ ಕರೆಂಟಿಗೆ ಬೈದುಕೊಂಡೇ ನೀರು ಬಿಟ್ಟಿದ್ದೇನೆ. ಅದು ಎಲ್ಲಿಂದ ಬರುತ್ತದೆ ಎಂದು ಇವತ್ತೇ ಯೋಚಿಸಿದ್ದು. ಆಚೆ ಸಾಲಿನ ಗೇಟ್‌ವಾಲ್ವ್ ತಿರುಗಿಸಬೇಕು, ಹೋಗಿ ಬರುತ್ತೇನೆ.

ಒಂದ್ಲೈನ್ ಒಡೆಯ | 12.27

ಟಾರ್ಚ್ ಹಿಡ್ಕೊಂಡು ಹೋಗಿ ಅಣ್ಣ. ಹಾವಿರುತ್ತೆ.

ತೋಟದಮನೆ | 12.34

ಒಂದು ಫೇಸ್ ಹೋಯಿತು.